ಸಣ್ಣ ಲೋಡರುಗಳ ದೋಷಸಂಕೇತಗಳನ್ನು ಓದುವ ಕ್ರಮ

ಹಸುಗಳ ಕೊಟ್ಟಿಗೆಯನ್ನು ಬಳಿಯುವುದು, ತಿಪ್ಪೆಯ ಗೊಬ್ಬರವನ್ನು ಟ್ರೇಲರಿಗೆ ತುಂಬುವುದು, ಕೆರೆಗೋಡು ಮಣ್ಣನ್ನು ಹೊಲದಲ್ಲಿ ಹರಡುವುದು, ಮೇವಿನ ಗುಂಡಿಯನ್ನು ತುಳಿಸುವುದು ಮುಂತಾದ ಕೆಲಸಗಳಿಗೆ ಸಣ್ಣ ಲೋಡರ್ ಯಂತ್ರವು ಬಹು ಉಪಯುಕ್ತವಾದುದು. ಕಟ್ಟಡ ಮತ್ತು ರಸ್ತೆಯ ಕೆಲಸದ ಯಂತ್ರವೆಂದು ಇದಕ್ಕೆ ಹೆಸರಿದ್ದರೂ, ಇದು ಹುಟ್ಟಿದ್ದು ರೈತನ ಅಗತ್ಯದಿಂದಲೇ. ಅಮೆರಿಕಾದ ಮಿನ್ನೆಸೋಟ ಸಂಸ್ಥಾನದ ರಾಥ್ಸೇ ಎಂಬ ಊರಿನಲ್ಲಿ ಯಂತ್ರ ರಿಪೇರಿಯ ಕಾರ್ಖಾನೆ ನಡೆಸುತ್ತಿದ್ದ ಸಿರಿಲ್ ಕೆಲ್ಲರ್ ಮತ್ತು ಲೂಯಿಸ್ ಕೆಲ್ಲರ್ ಎಂಬ ಸಹೋದರರು, ಟರ್ಕಿ ಕೋಳಿಗಳನ್ನು ಸಾಕುತ್ತಿದ್ದ ರೈತನೊಬ್ಬನಿಗಾಗಿ, ಕಂಬಗಳ ನಡುವೆ ಸುಲಭವಾಗಿ ತಿರುಗಿ ಗೊಬ್ಬರವನ್ನು ತೆಗೆಯಬಲ್ಲ ಮೂರು ಚಕ್ರದ ಪುಟ್ಟ ಯಂತ್ರವೊಂದನ್ನು ೧೯೫೭ರಲ್ಲಿ ಮಾಡಿಕೊಟ್ಟರು. ಈಗಿನ ನಾಲ್ಕು ಚಕ್ರದ ಲೋಡರುಗಳಿಗೆಲ್ಲ ಅದೇ ಮೂಲ.

ಆ ಕಾಲದ ಯಂತ್ರವು ಕೆಟ್ಟರೆ ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ, ಕೈಯಿಂದ ಮುಟ್ಟಿ ದೋಷವನ್ನು ತಿಳಿಯಬಹುದಾಗಿತ್ತು. ಈಗಿನ ಯಂತ್ರಗಳ ರೀತಿ ಬೇರೆ. ನಮ್ಮ ದೇಶದಲ್ಲಿ ಚಕ್ರವುಳ್ಳ ಕಟ್ಟಡ ಕೆಲಸದ ಯಂತ್ರಗಳ ಹೊಗೆಯನ್ನು ಕುರಿತ ನಾಲ್ಕನೆಯ ಹಂತದ ನಿಯಮಗಳು ೨೦೨೧ರ ಏಪ್ರಿಲ್ ತಿಂಗಳಿನಿಂದ ಜಾರಿಗೆ ಬಂದ ಮೇಲೆ, ಡೀಸೆಲನ್ನು ವಿದ್ಯುತ್ತಿನ ನಿಯಂತ್ರಣದಿಂದ ಸಿಂಪಡಿಸುವ ಇಂಜಿನ್ನುಗಳು ಹೆಚ್ಚಾಗಿ ಬಳಕೆಗೆ ಬಂದಿವೆ. ಇಂಥ ಯಂತ್ರದಲ್ಲಿ ಏನಾದರೂ ಏರುಪೇರಾದಾಗ ಆಪರೇಟರನ ಮುಂದಿನ ಫಲಕದಲ್ಲಿ ದೀಪವು ಹತ್ತಿ, ಅಂಕಿಗಳು ಕಾಣಿಸಿಕೊಳ್ಳುತ್ತವೆ. ಇವೇ ದೋಷಸಂಕೇತಗಳು, ಮೆಕಾನಿಕ್ಕುಗಳು ಇವನ್ನು ಎರರ್ ಕೋಡ್ ಎನ್ನುವರು.

ಈ ಅಂಕಿಗಳನ್ನು ಕಂಡಾಗ ಯಂತ್ರದ ಯಜಮಾನರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ನಡೆದುಕೊಳ್ಳುವರು. ಕೆಲವರು ಸಂಕೇತದಲ್ಲಿ ಯಾವ ಸೆನ್ಸರಿನ ಹೆಸರು ಬಂದಿದೆಯೋ ಅದನ್ನು ಕೂಡಲೇ ಕೊಂಡು ತಂದು ಬದಲಾಯಿಸುವರು. ದೋಷವು ಹೋಗದಿರಲು ಮತ್ತೊಂದನ್ನು ಕೊಳ್ಳುವರು. ಇನ್ನು ಕೆಲವರು ಸಂಕೇತವನ್ನು ಅಳಿಸಿ, ದೀಪವು ಆರಿತೆಂದು ಸಮಾಧಾನಪಟ್ಟು ಕೆಲಸವನ್ನು ಮುಂದುವರಿಸುವರು. ಮೊದಲನೆಯವರಿಗೆ ಹಣವೂ, ಯಂತ್ರವು ಸುಮ್ಮನೆ ನಿಂತ ದಿನಗಳ ಬಾಡಿಗೆಯೂ ನಷ್ಟ. ಎರಡನೆಯವರಿಗೆ ಕೆಲವೊಮ್ಮೆ ಇಂಜಿನ್ನೇ ನಷ್ಟ. ಸಂಕೇತವೆಂಬುದು ತೀರ್ಪಲ್ಲ, ಸಾಕ್ಷಿಯ ಹೇಳಿಕೆ ಮಾತ್ರ. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎರಡು ನಷ್ಟಗಳನ್ನೂ ತಪ್ಪಿಸಬಹುದು.

ಸಂಕೇತವು ಹುಟ್ಟುವ ಬಗೆ

ಲೋಡರಿನಲ್ಲಿ ಇ.ಸಿ.ಯು. ಎಂದು ಕರೆಯುವ ನಿಯಂತ್ರಣ ಪೆಟ್ಟಿಗೆಯೊಂದಿರುವುದು. ಇದಕ್ಕೆ ಇಂಜಿನ್ನಿನ ಎಣ್ಣೆಯಾಗಲಿ, ನೀರಾಗಲಿ ತಾನಾಗಿ ಕಾಣುವುದಿಲ್ಲ. ಕೆರೆಯ ನೀರು ಎಷ್ಟಿದೆಯೆಂಬುದನ್ನು ಕಚೇರಿಯಲ್ಲಿ ಕುಳಿತ ಅಧಿಕಾರಿಯು ನೀರಗಂಟಿಯ ಮಾತಿನಿಂದ ತಿಳಿಯುವಂತೆ, ಈ ಪೆಟ್ಟಿಗೆಯೂ ಸೆನ್ಸರುಗಳು ವೈರಿನ ಮೂಲಕ ಕಳುಹಿಸುವ ವಿದ್ಯುತ್ತಿನ ಪ್ರಮಾಣದಿಂದಲೇ ಎಲ್ಲವನ್ನೂ ತಿಳಿಯುವುದು. ಅನೇಕ ಸೆನ್ಸರುಗಳಿಗೆ ಪೆಟ್ಟಿಗೆಯು ೫ ವೋಲ್ಟ್ ಕೊಡುವುದು. ಅವು ಅಳತೆಗೆ ತಕ್ಕಂತೆ ಸುಮಾರು ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನವರೆಗೆ ಹಿಂದಕ್ಕೆ ಕಳುಹಿಸುವುವು.

ಕೆರೆಯು ತುಂಬಿ ಕೋಡಿ ಬೀಳುವ ಹಾಗಿದೆಯೆಂದು ನೀರಗಂಟಿಯು ಹೇಳುವುದು ಒಂದು ಸಂಗತಿ. ನೀರಗಂಟಿಯೇ ಬಾರದಿರುವುದು ಮತ್ತೊಂದು. ಮೊದಲನೆಯದರಲ್ಲಿ ಕೆರೆಯನ್ನು ನೋಡಬೇಕು. ಎರಡನೆಯದರಲ್ಲಿ ಮನುಷ್ಯನನ್ನೂ ದಾರಿಯನ್ನೂ ನೋಡಬೇಕು. ಸೆನ್ಸರಿನಿಂದ ಬರುವ ವೋಲ್ಟು ಮಿತಿಯೊಳಗಿದ್ದು, ಅದು ಸೂಚಿಸುವ ಉಷ್ಣವೋ ಒತ್ತಡವೋ ಅಪಾಯದ್ದಾಗಿದ್ದರೆ, ದೋಷವು ಯಂತ್ರದಲ್ಲಿರುವ ಸಂಭವವೇ ಹೆಚ್ಚು. ವೋಲ್ಟು ಮಿತಿಯನ್ನೇ ಮೀರಿದ್ದರೆ ಅಥವಾ ಶೂನ್ಯವಾಗಿದ್ದರೆ, ದೋಷವು ವೈರಿನಲ್ಲಿಯೋ, ಕನೆಕ್ಟರಿನಲ್ಲಿಯೋ, ಸೆನ್ಸರಿನಲ್ಲಿಯೋ ಇರುವುದು. ಈ ಭೇದವನ್ನು ಸಂಕೇತವೇ ಹೇಳುವುದು. ಅದನ್ನು ಓದಲು ಬಂದರೆ ಸಾಕು.

ಸಂಕೇತದ ಎರಡು ಭಾಗಗಳು

ತಯಾರಕರು ಅನೇಕರು ತಮ್ಮವೇ ಆದ ಸಂಕೇತಗಳನ್ನು ಇಟ್ಟಿರುವರು. ಅವುಗಳ ಅರ್ಥವನ್ನು ಯಂತ್ರದೊಡನೆ ಬಂದ ಕೈಪುಸ್ತಕದಲ್ಲಿಯೇ ನೋಡತಕ್ಕದ್ದು. ಆದರೆ ಇಂಜಿನ್ನಿಗೆ ಸಂಬಂಧಪಟ್ಟ ಸಂಕೇತಗಳು ಬಹುಮಟ್ಟಿಗೆ ಜೆ. ೧೯೩೯ ಎಂಬ ಕ್ರಮವನ್ನು ಅನುಸರಿಸುವುವು. ಇದು ಅಮೆರಿಕಾದ ಎಸ್.ಎ.ಇ. ಎಂಬ ವಾಹನ ಇಂಜಿನಿಯರುಗಳ ಸಂಘವು ಏರ್ಪಡಿಸಿದ ಕ್ರಮ. ಇದರಲ್ಲಿ ಪ್ರತಿಯೊಂದು ಸಂಕೇತಕ್ಕೂ ಎರಡು ಸಂಖ್ಯೆಗಳಿರುವುವು. ಮೊದಲನೆಯದಕ್ಕೆ ಎಸ್.ಪಿ.ಎನ್. ಎಂದು ಹೆಸರು, ಇದು ಯಾವುದರಲ್ಲಿ ದೋಷವೆಂಬುದನ್ನು ಹೇಳುವುದು. ಎರಡನೆಯದಕ್ಕೆ ಎಫ್.ಎಂ.ಐ. ಎಂದು ಹೆಸರು, ಇದು ಎಂಥ ದೋಷವೆಂಬುದನ್ನು ಹೇಳುವುದು. ಎರಡನೆಯ ಸಂಖ್ಯೆಯು ೦ಯಿಂದ ೩೧ರವರೆಗೆ ಮಾತ್ರ ಇರುವುದು.

ಲೋಡರುಗಳಲ್ಲಿ ಮೇಲಿಂದಮೇಲೆ ಕಾಣಬರುವ ಮೊದಲನೆಯ ಸಂಖ್ಯೆಗಳು ಇವು:—

೯೭ — ಡೀಸೆಲಿನಲ್ಲಿ ನೀರು.
೧೦೦ — ಇಂಜಿನ್ ಆಯಿಲಿನ ಒತ್ತಡ.
೧೦೭ — ಏರ್ ಫಿಲ್ಟರಿನ ಅಡಚಣೆ.
೧೧೦ — ಇಂಜಿನ್ನನ್ನು ತಂಪುಮಾಡುವ ನೀರಿನ ಉಷ್ಣ.
೧೫೭ — ಡೀಸೆಲ್ ಸಿಂಪಡಿಸುವ ಕೊಳವೆಯ ಒತ್ತಡ.
೧೬೮ — ಬ್ಯಾಟರಿಯ ವೋಲ್ಟು.
೧೯೦ — ಇಂಜಿನ್ನಿನ ವೇಗ.
೬೩೯ — ಪೆಟ್ಟಿಗೆಗಳು ಒಂದರೊಡನೊಂದು ಮಾತನಾಡುವ ವೈರುಗಳ ಜಾಲ.

ಎರಡನೆಯ ಸಂಖ್ಯೆಗಳನ್ನು ಈ ಕೆಳಗಿನಂತೆ ಗುಂಪುಮಾಡಿ ನೆನಪಿಟ್ಟುಕೊಂಡರೆ ಅನುಕೂಲ:—

(ಅ) ೦, ೧೫, ೧೬ — ಅಳತೆಯು ಇರಬೇಕಾದುದಕ್ಕಿಂತ ಹೆಚ್ಚು. ೧, ೧೭, ೧೮ — ಕಡಮೆ. ಇವುಗಳಲ್ಲಿ ೦ ಮತ್ತು ೧ ಅತ್ಯಂತ ಅಪಾಯಕರ. ೧೬ ಮತ್ತು ೧೮ ಮಧ್ಯಮ. ೧೫ ಮತ್ತು ೧೭ ಎಚ್ಚರಿಕೆ ಮಾತ್ರ. ಈ ಗುಂಪಿನಲ್ಲಿ ಮೊದಲು ಇಂಜಿನ್ನನ್ನು ನೋಡಬೇಕು.

(ಆ) ೩ — ವೋಲ್ಟು ಮಿತಿಗಿಂತ ಹೆಚ್ಚು. ೪ — ವೋಲ್ಟು ಮಿತಿಗಿಂತ ಕಡಮೆ. ೫ — ಕರೆಂಟು ಕಡಮೆ, ಅಥವಾ ವೈರು ತುಂಡಾಗಿದೆ. ೬ — ಕರೆಂಟು ಹೆಚ್ಚು, ಅಥವಾ ವೈರು ಅರ್ತ್ ಆಗಿದೆ. ಈ ಗುಂಪಿನಲ್ಲಿ ಮೊದಲು ವೈರನ್ನೂ ಕನೆಕ್ಟರನ್ನೂ ನೋಡಬೇಕು.

(ಇ) ೨ — ಅಳತೆಯು ಅಸ್ಥಿರವಾಗಿದೆ ಅಥವಾ ಸರಿಯಾಗಿಲ್ಲ. ೯ — ಸುದ್ದಿಯು ಬರಬೇಕಾದ ಕಾಲಕ್ಕೆ ಬರುತ್ತಿಲ್ಲ. ೧೯ — ಜಾಲದಿಂದ ತಪ್ಪು ಸುದ್ದಿ ಬರುತ್ತಿದೆ. ಇವುಗಳಲ್ಲಿ ಸಡಿಲವಾದ ಜೋಡಣೆಯನ್ನು ಸಂಶಯಿಸಬೇಕು.

(ಈ) ೭ — ಯಂತ್ರದ ಭಾಗವು ಹೇಳಿದಂತೆ ಚಲಿಸುತ್ತಿಲ್ಲ. ಕಸ ಕಟ್ಟಿರುವುದು, ತುಕ್ಕು ಹಿಡಿದಿರುವುದು, ಹೊಂದಾಣಿಕೆ ತಪ್ಪಿರುವುದು ಇದಕ್ಕೆ ಕಾರಣ.

(ಉ) ೧೨ — ಪೆಟ್ಟಿಗೆಯೋ ಬುದ್ಧಿಯುಳ್ಳ ಬಿಡಿಭಾಗವೋ ಕೆಟ್ಟಿದೆ. ಬೆಲೆ ಬಾಳುವ ಪೆಟ್ಟಿಗೆಯನ್ನು ಬದಲಾಯಿಸುವ ಮುನ್ನ ಅದಕ್ಕೆ ವಿದ್ಯುತ್ತೂ ಅರ್ತೂ ಸರಿಯಾಗಿ ತಲಪುತ್ತಿವೆಯೇ ಎಂಬುದನ್ನು ನೋಡದೆ ಇರಬಾರದು.

ಇದಕ್ಕೆ ಒಂದು ದೃಷ್ಟಾಂತ. ಫಲಕದಲ್ಲಿ ೧೦೦ರೊಡನೆ ೧ ಬಂದಿತೆನ್ನೋಣ. ಆಯಿಲಿನ ಒತ್ತಡವು ಅಪಾಯದ ಮಟ್ಟಕ್ಕೆ ಇಳಿದಿದೆಯೆಂದು ಇದರ ಅರ್ಥ. ಇಂಜಿನ್ನನ್ನು ಆ ಕ್ಷಣವೇ ನಿಲ್ಲಿಸತಕ್ಕದ್ದು. ಡಿಪ್‌ಸ್ಟಿಕ್ಕಿನಿಂದ ಆಯಿಲಿನ ಮಟ್ಟವನ್ನು ನೋಡಿ, ಸೋರಿಕೆಯನ್ನು ಹುಡುಕಿ, ಮಟ್ಟವು ಸರಿಯಾಗಿದ್ದರೆ ಸೆನ್ಸರಿನ ಜಾಗಕ್ಕೆ ಮುಳ್ಳಿನ ಗೇಜನ್ನು ಹಾಕಿಸಿ ಒತ್ತಡವನ್ನು ಅಳೆಯಿಸಬೇಕು. ಅದುವರೆಗೆ ಇಂಜಿನ್ನನ್ನು ಓಡಿಸಕೂಡದು. ಇದೇ ೧೦೦ರೊಡನೆ ೪ ಬಂದಿದ್ದರೆ, ಒತ್ತಡದ ಸುದ್ದಿಯೇ ಸರಿಯಾಗಿ ತಲಪುತ್ತಿಲ್ಲವೆಂದು ಅರ್ಥ; ಆಗ ವೈರನ್ನು ಪರೀಕ್ಷಿಸಬೇಕು. ಆದರೆ ನಿಜವಾದ ಒತ್ತಡವೆಷ್ಟೆಂಬುದು ಯಾರಿಗೂ ತಿಳಿಯದಿರುವುದರಿಂದ, ಈ ಸಂದರ್ಭದಲ್ಲಿಯೂ ಆಯಿಲಿನ ಮಟ್ಟವನ್ನು ನೋಡದೆ ಯಂತ್ರವನ್ನು ನಡೆಸುವುದು ಉಚಿತವಲ್ಲ. ಮೊದಲನೆಯ ಸಂಖ್ಯೆ ಒಂದೇ ಆದರೂ ಎರಡನೆಯದರಿಂದ ಮಾಡತಕ್ಕ ಕೆಲಸವೇ ಬೇರೆಯಾಗುವುದನ್ನು ಇಲ್ಲಿ ಕಾಣಬಹುದು.

ಪರೀಕ್ಷೆ ಮಾಡುವ ಕ್ರಮ

೧. ಮೊದಲು ಅಪಾಯವಿಲ್ಲದಂತೆ ಮಾಡಿಕೊಳ್ಳಬೇಕು. ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ, ತೋಳುಗಳನ್ನು ಪೂರ್ತಿಯಾಗಿ ಇಳಿಸಿ, ಬಕೆಟ್ಟನ್ನು ನೆಲಕ್ಕೆ ಊರಿ, ಬ್ರೇಕು ಹಾಕಿ, ಕೀಲಿಯನ್ನು ತೆಗೆದುಕೊಳ್ಳಬೇಕು. ತೋಳು ಮೇಲಿದ್ದಾಗಲೇ ಕೆಲಸ ಮಾಡಬೇಕಾಗಿ ಬಂದರೆ, ತಯಾರಕರು ಕೊಟ್ಟಿರುವ ತಡೆಗಂಬವನ್ನು ಹಾಕದೆ ಯಾರೂ ಅದರ ಅಡಿಗೆ ಹೋಗಕೂಡದು.

೨. ಕಾಣುವ ಸಂಕೇತಗಳನ್ನೆಲ್ಲ ಬರೆದುಕೊಳ್ಳಬೇಕು. ಸಂಕೇತ, ತಾರೀಖು, ಅವರ್ ಮೀಟರಿನ ಅಂಕಿ, ಆಗ ನಡೆಯುತ್ತಿದ್ದ ಕೆಲಸ, ಇಂಜಿನ್ನು ಬಿಸಿಯಾಗಿತ್ತೋ ತಣ್ಣಗಿತ್ತೋ — ಇವಿಷ್ಟೂ ಬೇಕು. ಬರೆದುಕೊಳ್ಳುವ ಮುನ್ನ ಅಳಿಸಬಾರದು. ಅಳಿಸಿದರೆ ಸಾಕ್ಷಿಯನ್ನೇ ಕಳೆದುಕೊಂಡಂತೆ. ಈಗ ಇರುವ ದೋಷಗಳೆಂದೂ, ಹಿಂದೆ ಬಂದುಹೋದ ದೋಷಗಳೆಂದೂ ಸಂಕೇತಗಳಲ್ಲಿ ಎರಡು ವಿಧ. ಈಗ ಇರುವುದನ್ನು ಮೊದಲು ಹಿಡಿಯಬೇಕು.

೩. ಬ್ಯಾಟರಿಯನ್ನು ಅಳೆಯಬೇಕು. ಇದನ್ನು ಬಿಟ್ಟು ಮುಂದೆ ಹೋದವರು ದಾರಿ ತಪ್ಪುವರು. ೧೨ ವೋಲ್ಟಿನ ಬ್ಯಾಟರಿಯು ಪೂರ್ಣ ಚಾರ್ಜಾಗಿ ವಿಶ್ರಾಂತಿಯಲ್ಲಿರುವಾಗ ಮೀಟರಿನಲ್ಲಿ ಸುಮಾರು ೧೨.೬ ವೋಲ್ಟು ತೋರಿಸಬೇಕು. ಸ್ಟಾರ್ಟರು ತಿರುಗುವಾಗ ಸುಮಾರು ೯.೬ಕ್ಕಿಂತ ಕೆಳಗಿಳಿಯಬಾರದು. ಇಂಜಿನ್ನು ಓಡುವಾಗ ೧೩.೫ರಿಂದ ೧೪.೫ರೊಳಗೆ ಇರಬೇಕು. ಸ್ಟಾರ್ಟು ಮಾಡುವಾಗ ವೋಲ್ಟು ಕುಸಿದರೆ ನಿಯಂತ್ರಣ ಪೆಟ್ಟಿಗೆಗೆ ಎಚ್ಚರ ತಪ್ಪಿದಂತಾಗಿ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಂಕೇತಗಳು ಒಮ್ಮೆಗೇ ಬರುವುದುಂಟು. ಬ್ಯಾಟರಿಯ ತುದಿಗಳ ಬಿಳಿಯ ಹೂವನ್ನು ತೆಗೆದು, ಅರ್ತ್ ವೈರನ್ನು ಬಿಗಿಮಾಡಿದಷ್ಟರಿಂದಲೇ ಇವೆಲ್ಲವೂ ಮಾಯವಾಗಬಹುದು.

೪. ಅನೇಕ ಸಂಕೇತಗಳಿಗೆ ಒಂದೇ ಕಾರಣವಿದೆಯೇ ಎಂದು ಯೋಚಿಸಬೇಕು. ಒಂದೇ ೫ ವೋಲ್ಟಿನ ವೈರು ಹಲವು ಸೆನ್ಸರುಗಳಿಗೆ ಕವಲೊಡೆದು ಹೋಗಿರುವುದು. ಅವುಗಳಲ್ಲಿ ಒಂದು ಸೆನ್ಸರು ಒಳಗೆ ಶಾರ್ಟಾದರೆ ಉಳಿದವೂ ಮೂಕವಾಗುವುವು. ಆಗ ಒಂದೊಂದೇ ಸೆನ್ಸರಿನ ಕನೆಕ್ಟರನ್ನು ಬಿಚ್ಚುತ್ತಾ ಹೋಗಬೇಕು. ಯಾವುದನ್ನು ಬಿಚ್ಚಿದಾಗ ೫ ವೋಲ್ಟು ಮತ್ತೆ ಬರುವುದೋ ಅದೇ ಕೆಟ್ಟದ್ದು. ಯಾವುದನ್ನು ಬಿಚ್ಚಿದರೂ ಬಾರದಿದ್ದರೆ ವೈರೇ ಎಲ್ಲಿಯೋ ಉಜ್ಜಿ ಅರ್ತ್ ಆಗಿದೆ. ನಾಲ್ಕು ಸೆನ್ಸರುಗಳನ್ನು ಕೊಳ್ಳಲು ಹೊರಟವರು ಹೀಗೆ ಒಂದರಿಂದಲೇ, ಅಥವಾ ಒಂದು ಗೇಣು ವೈರಿನಿಂದಲೇ, ಕೆಲಸ ಮುಗಿಸಬಹುದು.

೫. ವೈರು ಮತ್ತು ಕನೆಕ್ಟರುಗಳನ್ನು ಕಣ್ಣಿನಿಂದ ನೋಡಬೇಕು. ತೋಳು ಮಡಿಚುವ ಸ್ಥಳ, ಕ್ಯಾಬಿನ್ನು ಮೇಲಕ್ಕೆತ್ತುವಾಗ ಬಾಗುವ ಸ್ಥಳ, ಬಿಸಿಯಾದ ಸೈಲೆನ್ಸರಿನ ಪಕ್ಕ, ಬಕೆಟ್ಟಿನ ಬದಲು ಬೇರೆ ಉಪಕರಣಗಳನ್ನು ಜೋಡಿಸುವ ಪ್ಲಗ್ಗು — ಇವು ವೈರು ಸವೆಯುವ ಮುಖ್ಯ ಸ್ಥಳಗಳು.

೬. ಇಷ್ಟಾದ ಮೇಲೆ ಸೆನ್ಸರನ್ನು ಪರೀಕ್ಷಿಸಬೇಕು. ಕೀಲಿಯನ್ನು ಆರಿಸಿ ಕನೆಕ್ಟರನ್ನು ಬಿಚ್ಚಿ, ಮತ್ತೆ ಕೀಲಿಯನ್ನು ತಿರುಗಿಸಿ ಸಂಕೇತವನ್ನು ನೋಡಬೇಕು. ಮೊದಲು ೪ ಇದ್ದದ್ದು ಬಿಚ್ಚಿದೊಡನೆ ೩ ಅಥವಾ ೫ ಎಂದು ಬದಲಾದರೆ, ವೈರೂ ಪೆಟ್ಟಿಗೆಯೂ ಬದಲಾವಣೆಯನ್ನು ಗ್ರಹಿಸುತ್ತಿವೆ. ಆದುದರಿಂದ ಸೆನ್ಸರನ್ನು ಸಂಶಯಿಸಬಹುದು. ಬದಲಾಗದಿದ್ದರೆ ಬಹುಶಃ ದೋಷವು ವೈರಿನಲ್ಲಿದೆ. ಕೆಲವು ಸರ್ಕ್ಯೂಟುಗಳಲ್ಲಿ ಬಿಚ್ಚಿದರೂ ೪ ಎಂದೇ ತೋರಿಸುವುದುಂಟು. ಅಂಥ ಕಡೆ ಕೈಪುಸ್ತಕವನ್ನು ನೋಡಿ ಮೀಟರಿನಿಂದ ಅಳೆದೇ ನಿರ್ಧರಿಸತಕ್ಕದ್ದು. ವೈರಿನ ಹೊದಿಕೆಯನ್ನು ಸೂಜಿಯಿಂದ ಚುಚ್ಚಿ ನೋಡುವ ಅಭ್ಯಾಸವನ್ನು ಬಿಡಬೇಕು. ಆ ತೂತಿನಿಂದ ನೀರಿಳಿದು ಮುಂದಿನ ಮಳೆಗಾಲಕ್ಕೆ ಹೊಸ ದೋಷವನ್ನು ತರುವುದು.

೭. ದೋಷವನ್ನು ಸರಿಪಡಿಸಿದ ಮೇಲೆಯೇ ಸಂಕೇತವನ್ನು ಅಳಿಸಿ, ದೋಷವು ಬಂದಿದ್ದ ಕೆಲಸವನ್ನೇ ಮತ್ತೆ ಮಾಡಿಸಿ ನೋಡಬೇಕು. ಬಿಸಿಯಾದಾಗ ಬರುತ್ತಿದ್ದ ದೋಷವನ್ನು ತಣ್ಣನೆಯ ಇಂಜಿನ್ನಿನಲ್ಲಿ ನೋಡಿ ಹೋಯಿತೆನ್ನುವುದು ಸರಿಯಲ್ಲ.

ಪೆಟ್ಟಿಗೆಗಳ ನಡುವಣ ಜಾಲ

ಇಂಜಿನ್ನಿನ ಪೆಟ್ಟಿಗೆ, ಹೈಡ್ರಾಲಿಕ್ಕಿನ ಪೆಟ್ಟಿಗೆ, ಮುಂದಿನ ಫಲಕ — ಇವು ಒಂದರೊಡನೊಂದು ಹೆಣೆದ ಎರಡು ವೈರುಗಳ ಮೂಲಕ ಮಾತನಾಡುವುವು. ಜರ್ಮನಿಯ ಬಾಷ್ ಕಂಪೆನಿಯವರು ೧೯೮೬ರಲ್ಲಿ ಪ್ರಕಟಿಸಿದ ಈ ಏರ್ಪಾಡಿಗೆ ಕ್ಯಾನ್ ಎಂದು ಹೆಸರು. ಈ ಜಾಲದ ಎರಡು ತುದಿಗಳಲ್ಲಿಯೂ ೧೨೦ ಓಮಿನ ಒಂದೊಂದು ರೆಸಿಸ್ಟರಿರುವುದು. ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ ಆ ಎರಡು ವೈರುಗಳ ನಡುವೆ ಅಳೆದರೆ ಸುಮಾರು ೬೦ ಓಮ್ ಬರಬೇಕು. ೧೨೦ ಬಂದರೆ ಒಂದು ತುದಿಯ ರೆಸಿಸ್ಟರು ಇಲ್ಲ ಅಥವಾ ವೈರು ತುಂಡಾಗಿದೆ. ಶೂನ್ಯಕ್ಕೆ ಸಮೀಪವಾಗಿ ಬಂದರೆ ಎರಡು ವೈರುಗಳು ಎಲ್ಲಿಯೋ ಕೂಡಿಕೊಂಡಿವೆ. ೬೩೯ ಎಂಬ ಸಂಖ್ಯೆಯೋ, ಅನೇಕ ಪೆಟ್ಟಿಗೆಗಳಿಂದ ೯ ಮತ್ತು ೧೯ ಎಂಬ ಸಂಖ್ಯೆಗಳೋ ಬಂದಾಗ, ಸಾಮಾನ್ಯವಾದ ಮೀಟರಿನಿಂದ ಐದು ನಿಮಿಷದಲ್ಲಿ ಮಾಡಬಹುದಾದ ಈ ಪರೀಕ್ಷೆಯು ಪೆಟ್ಟಿಗೆಗಳನ್ನು ವೃಥಾ ಬದಲಾಯಿಸುವುದನ್ನು ತಪ್ಪಿಸುವುದು.

ಕೊಟ್ಟಿಗೆಯ ಕೆಲಸದಿಂದ ಬರುವ ದೋಷಗಳು

ವ್ಯವಸಾಯದ ಕೆಲಸಕ್ಕೆ ಬಳಸುವ ಲೋಡರುಗಳಿಗೆ ಕೆಲವು ವಿಶೇಷ ಶತ್ರುಗಳುಂಟು. ಗಂಜಲ ಮತ್ತು ಹಸಿಗೊಬ್ಬರದಿಂದೇಳುವ ಅಮೋನಿಯಾ ಅನಿಲವು ತಾಮ್ರವನ್ನು ತಿನ್ನುವುದು. ಕನೆಕ್ಟರಿನೊಳಗಿನ ಪಿನ್ನುಗಳು ಹಸಿರು ಬಣ್ಣಕ್ಕೆ ತಿರುಗಿದ್ದರೆ ಅದು ಕಿಲುಬು. ಅಲ್ಲಿ ವಿದ್ಯುತ್ತಿಗೆ ತಡೆಯುಂಟಾಗಿ ೨, ೩, ೪, ೫ ಸಂಖ್ಯೆಗಳು ಬರುವುವು. ಯಂತ್ರವನ್ನು ಜೋರಾದ ನೀರಿನ ಪೈಪಿನಿಂದ ತೊಳೆಯುವಾಗ ಕನೆಕ್ಟರುಗಳಿಗೂ ಪೆಟ್ಟಿಗೆಗೂ ನೇರವಾಗಿ ನೀರನ್ನು ಹಾಯಿಸಬಾರದು. ತೊಳೆದ ಮಾರನೆಯ ದಿನವೇ ಸಂಕೇತವು ಬಂದರೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಹುಲ್ಲು ಮೇವಿರುವ ಕಡೆ ಇಲಿಗಳೂ ಇರುವುವು; ಅವು ವೈರಿನ ಹೊದಿಕೆಯನ್ನು ಕಡಿಯುವುವು. ಹೊಟ್ಟು ಮತ್ತು ಧೂಳು ರೇಡಿಯೇಟರಿನ ಕಿಂಡಿಗಳನ್ನು ಮುಚ್ಚುವುದರಿಂದ ೧೧೦ರೊಡನೆ ೧೫, ೧೬, ಕೊನೆಗೆ ೦ ಬರುವುವು. ಇಲ್ಲಿ ಸೆನ್ಸರು ನಿಜವನ್ನೇ ಹೇಳುತ್ತಿದೆ. ರೇಡಿಯೇಟರನ್ನು ಶುಚಿಮಾಡುವುದೇ ಪರಿಹಾರ. ಡ್ರಮ್ಮಿನಲ್ಲಿ ತೆರೆದಿಟ್ಟ ಡೀಸೆಲನ್ನು ಹಾಕಿದರೆ ೯೭ ಬರುವುದು. ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ ನೀರನ್ನು ಹೊರಕ್ಕೆ ಬಿಡಬೇಕು. ಇದನ್ನು ಅಲಕ್ಷ್ಯಮಾಡಿದರೆ ಬೆಲೆಯುಳ್ಳ ಇಂಜೆಕ್ಟರುಗಳು ಹಾಳಾಗುವುವು.

ಯಂತ್ರದ ಮೇಲೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಸಂಪರ್ಕವನ್ನೂ, ಕೈಪುಸ್ತಕದಲ್ಲಿ ಹೇಳಿದ್ದರೆ ಪೆಟ್ಟಿಗೆಯ ಕನೆಕ್ಟರುಗಳನ್ನೂ ಬಿಚ್ಚಿ, ಅರ್ತ್ ಕ್ಲಿಪ್ಪನ್ನು ಬೆಸೆಯುವ ಜಾಗದ ಸಮೀಪದಲ್ಲಿಯೇ ಹಾಕಿಸಬೇಕು. ಬ್ಯಾಟರಿ ಸೋತಾಗ ೨೪ ವೋಲ್ಟಿನ ಲಾರಿಯಿಂದ ೧೨ ವೋಲ್ಟಿನ ಲೋಡರಿಗೆ ಕರೆಂಟು ಕೊಡುವುದು ಪೆಟ್ಟಿಗೆಯನ್ನು ಸುಡುವ ದಾರಿ.

ಎಂದಿಗೂ ಮಾಡಬಾರದ ಕೆಲಸ

ಲೋಡರಿನಲ್ಲಿ ಆಪರೇಟರನು ಕುಳಿತಿರುವನೇ ಎಂದು ತಿಳಿಯಲು ಸೀಟಿನ ಅಡಿಯಲ್ಲಿ ಸ್ವಿಚ್ಚೂ, ಅವನ ಮಡಿಲ ಮೇಲೆ ಇಳಿಸುವ ಅಡ್ಡಪಟ್ಟಿಯಲ್ಲಿ ಸೆನ್ಸರೂ ಇರುವುವು. ಅವನು ಎದ್ದರೆ ಅಥವಾ ಪಟ್ಟಿಯನ್ನು ಎತ್ತಿದರೆ ತೋಳುಗಳು ಚಲಿಸದಂತೆ ತಡೆಯುಂಟಾಗುವುದು. ಈ ಸ್ವಿಚ್ಚುಗಳು ಧೂಳಿನಿಂದ ಕೆಟ್ಟು ಸಂಕೇತವನ್ನು ತೋರಿಸಿದಾಗ, ಕೆಲಸವು ನಿಂತಿತೆಂಬ ಅವಸರದಲ್ಲಿ ಒಂದು ತುಂಡು ವೈರಿನಿಂದ ಎರಡು ಪಿನ್ನುಗಳನ್ನು ಕೂಡಿಸಿ ಯಂತ್ರವನ್ನು ನಡೆಸುವವರುಂಟು. ಇದು ಪ್ರಾಣಕ್ಕೆ ಅಪಾಯಕರವಾದ ಕೆಲಸ. ಆಪರೇಟರನು ಮುಂದುಗಡೆಯಿಂದ, ಬಕೆಟ್ಟಿನ ಮೇಲೆ ಕಾಲಿಟ್ಟು ಹತ್ತಿಳಿಯುವ ಯಂತ್ರವಿದು. ಇಳಿಯುವಾಗ ಮೈ ತಗಲಿ ಲಿವರು ಸರಿದರೆ ತೋಳು ಇಳಿದು ಮನುಷ್ಯನನ್ನು ಚೌಕಟ್ಟಿನೊಡನೆ ಅಮುಕುವುದು. ಅಮೆರಿಕಾದ ನಯೋಷ್ ಎಂಬ ಸರ್ಕಾರಿ ಸಂಸ್ಥೆಯು ೧೯೯೮ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಬಕೆಟ್ಟಿಗೂ ಚೌಕಟ್ಟಿಗೂ ನಡುವೆ, ತೋಳಿಗೂ ಚೌಕಟ್ಟಿಗೂ ನಡುವೆ ಸಿಕ್ಕಿ ಕೆಲಸಗಾರರು ಸತ್ತ ಸಂಗತಿಗಳನ್ನು ವಿವರಿಸಿ, ಈ ತಡೆಗಳನ್ನು ಎಂದಿಗೂ ತಪ್ಪಿಸಬಾರದೆಂದು ಹೇಳಿದೆ. ಸೀಟಿನ ಸ್ವಿಚ್ಚಿನ ಸಂಕೇತವು ಬಂದರೆ ಸ್ವಿಚ್ಚನ್ನು ಶುಚಿಮಾಡಬೇಕು, ವೈರನ್ನು ನೋಡಬೇಕು, ಹೊಸದನ್ನು ಹಾಕಬೇಕು. ಅಲ್ಲಿಯವರೆಗೆ ಯಂತ್ರವು ನಿಂತಿರಲಿ.

ಕೊನೆಯ ಸೂಚನೆ

ಮೇಲಿನ ಪರೀಕ್ಷೆಗಳಿಗೆ ಬೇಕಾದ ಸಾಮಾನುಗಳು ಬಹು ಕಡಮೆ: ಒಂದು ಮಲ್ಟಿಮೀಟರು, ಯಂತ್ರದ ಕೈಪುಸ್ತಕ, ಒಂದು ದಪ್ಪ ನೋಟ್‌ಬುಕ್ಕು. ಡೀಸೆಲ್ ಸಿಂಪಡಿಸುವ ಕೊಳವೆಗಳಲ್ಲಿ ಇಂಜಿನ್ನು ಓಡುವಾಗ ಚರ್ಮವನ್ನು ಭೇದಿಸುವಷ್ಟು ಒತ್ತಡವಿರುವುದರಿಂದ, ೧೫೭ನೆಯ ಸಂಖ್ಯೆಯ ದೋಷವನ್ನು ತರಬೇತು ಪಡೆದ ಮೆಕಾನಿಕ್ಕಿಗೇ ಬಿಡತಕ್ಕದ್ದು. ಹೈಡ್ರಾಲಿಕ್ ಪೈಪುಗಳ ಸೋರಿಕೆಯನ್ನು ಹುಡುಕುವಾಗಲೂ ಬರಿಗೈಯನ್ನು ಬಳಸದೆ, ರಟ್ಟಿನ ತುಂಡನ್ನು ಹಿಡಿದು ನೋಡಬೇಕು.

ಮೆಕಾನಿಕ್ಕನ್ನು ಕರೆಯುವಾಗ "ಗಾಡಿ ನಿಂತಿದೆ, ಬನ್ನಿ" ಎಂದಷ್ಟೇ ಹೇಳುವುದಕ್ಕೂ, "ನೂರರೊಡನೆ ನಾಲ್ಕು ಬಂದಿದೆ, ಆಯಿಲಿನ ಮಟ್ಟ ಸರಿಯಿದೆ, ಬ್ಯಾಟರಿ ಹನ್ನೆರಡೂವರೆ ಇದೆ, ಕನೆಕ್ಟರು ಬಿಚ್ಚಿದರೆ ಮೂರಾಗುತ್ತದೆ" ಎಂದು ಹೇಳುವುದಕ್ಕೂ ಬಹಳ ಅಂತರವಿದೆ. ಎರಡನೆಯ ಮಾತನ್ನು ಕೇಳಿದವನು ಬೇಕಾದ ಸಾಮಾನನ್ನು ಜತೆಯಲ್ಲಿಯೇ ತರುವನು. ಒಂದೇ ಸಲದಲ್ಲಿ ಕೆಲಸವು ಮುಗಿಯುವುದು. ಮಳೆ ಬೀಳುವ ಮುನ್ನ ಗೊಬ್ಬರವನ್ನು ಹೊಲಕ್ಕೆ ಹೊಡೆದು ಮುಗಿಸಬೇಕಾದ ದಿನಗಳಲ್ಲಿ, ಹೀಗೆ ಉಳಿಯುವ ಒಂದೆರಡು ದಿನಗಳ ಬೆಲೆಯನ್ನು ರೈತರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಆದುದರಿಂದ ಲೋಡರುಳ್ಳ ರೈತರೂ, ಬಾಡಿಗೆ ಯಂತ್ರಗಳ ಕೇಂದ್ರವನ್ನು ನಡೆಸುವವರೂ, ಸಂಖ್ಯೆಗಳ ಮೇಲ್ಕಂಡ ಪಟ್ಟಿಗಳನ್ನು ದೊಡ್ಡಕ್ಷರದಲ್ಲಿ ಬರೆಯಿಸಿ ಯಂತ್ರದ ಕ್ಯಾಬಿನ್ನಿನಲ್ಲಿ ಅಂಟಿಸಿ, ತಮ್ಮ ಆಪರೇಟರುಗಳಿಗೆ ಅವುಗಳ ಅರ್ಥವನ್ನು ಓದಿ ಹೇಳಿಸಬೇಕಾಗಿ ಕೋರಲಾಗಿದೆ.